ಬೂದಿ ಬಣ್ಣದ ರವಕೆ

ನನ್ನ ಮಗಳ ನಿಶ್ಚಿತಾರ್ಥಕ್ಕೆ ಅಕ್ಕ ಕೇಳಿದ್ದ ಕೆಂಪು ರವಕೆಯನ್ನು ನಾನು ಹೊಲಿದುಕೊಡಲಿಲ್ಲ. ಕಡಬ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವನಿಗೆ ಅದು ಅರ್ಧ ದಿನದ ಕೆಲಸವೂ ಅಲ್ಲ. ಓದು ತಲೆಗೆ ಹತ್ತದೆ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಹೊಲಿಗೆ ಕಲಿಯಲು ಕಳಿಸಿದವಳು ಬೀಡಿ ಕಟ್ಟುತ್ತಿದ್ದ ಇದೇ ಅಕ್ಕ.

ರವಕೆ ಕಣವನ್ನು ಪುತ್ತೂರಿನಿಂದ ಅವಳೇ ಆರಿಸಿ ತಂದಿದ್ದಳು. ಒಳ್ಳೆಯ ಕೆಂಪು, ಅದರ ತುಂಬ ಚಿನ್ನದ ಬಣ್ಣದ ಸಣ್ಣ ಸಣ್ಣ ಮಾವಿನಕಾಯಿಗಳು.

“ಕೈ ಸ್ವಲ್ಪ ಉದ್ದ ಇಡು ಮಾರಾಯ. ಫೋಟೋದಲ್ಲಿ ಚಂದ ಕಾಣ್ಬೇಕು,” ಎಂದಳು.

“ಈ ಪ್ರಾಯದಲ್ಲಿ ಇಷ್ಟು ಕೆಂಪು ಎಂತಕ್ಕೆ ಅಕ್ಕ? ಗಂಡಿನ ಕಡೆಯವರು ಎಂತ ಹೇಳಿಯಾರು?”

“ಅವರು ನೋಡ್ಲಿಕ್ಕೆ ಬರುದು ನಿನ್ನ ಮಗಳನ್ನು, ನನ್ನನ್ನಲ್ಲ!” ನಗುತ್ತಲೇ ಹೋದಳು.

ಆಗ ಅಂಗಡಿ ತುಂಬ ನಾಟಕದ ಬಟ್ಟೆ. ಕೋಡಿಂಬಾಳದ ಹುಡುಗ ಹುಡುಗಿಯರು ಆಡಲಿದ್ದ ನಾಟಕದಲ್ಲಿ ಒಂದು ರಾಜ್ಯ. ಅಲ್ಲಿ ಪ್ರಾಯಕ್ಕೊಂದು ಬಣ್ಣ: ಮಕ್ಕಳಿಗೆ ಹಸಿರು, ಮದುವೆಯ ಪ್ರಾಯದವರಿಗೆ ಹಳದಿ, ಮನೆ ನಡೆಸುವವರಿಗೆ ಕೆಂಪು, ಕೂದಲು ನರೆತವರಿಗೆ ಬೂದಿ. ಬಣ್ಣ ತಪ್ಪಿ ತೊಟ್ಟರೆ ಶಿಕ್ಷೆ. ಬೂದಿಯವರನ್ನು ಕಂಡರೆ “ಊಟ ಆಯ್ತಾ?” ಎಂದು ಕೇಳಬೇಕು, ಆದರೆ ಉತ್ತರಕ್ಕೆ ಕಾಯಬಾರದು. “ಎಂತಹ ಕೆಟ್ಟ ರಾಜ್ಯ ಮಾರಾಯ್ರೆ!” ಎಂದು ನಾಟಕ ಬರೆದ ಮಾಷ್ಟ್ರಿಗೆ ಹೇಳುತ್ತ ನಾನು ಬಟ್ಟೆ ಕತ್ತರಿಸಿದೆ. ಒಂದು ರವಕೆಗೆ ಕೆಂಪು ಬಟ್ಟೆ ಸಾಲಲಿಲ್ಲ. ಬೂದಿ ಬಟ್ಟೆ ಬೇಕಾದಷ್ಟು ಉಳಿಯಿತು. ಅಕ್ಕನ ಕಣ ಕಪಾಟಿನಲ್ಲೇ ಇತ್ತು. ಲೆಕ್ಕ ಸರಿಹೋಯಿತು.

“ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟುಹೋಯ್ತು ಅಕ್ಕ,” ಎಂದು ಹೇಳಿ ಬೂದಿ ರವಕೆ ಕೊಟ್ಟೆ. ಅವಳು ತೋಳನ್ನು ಎಳೆದು ನೋಡಿದಳು. ತೋಳು ಮಾತ್ರ ಅವಳು ಹೇಳಿದಷ್ಟೇ ಉದ್ದ ಇಟ್ಟಿದ್ದೆ. ಅಷ್ಟು ಪ್ರಾಮಾಣಿಕ ನಾನು.

ನಿಶ್ಚಿತಾರ್ಥದ ದಿನ ಫೋಟೋಕ್ಕೆ ಕರೆದಾಗ, “ನೀವೆಲ್ಲ ನಿಲ್ಲಿ, ನಾನು ಪಾಯಸ ನೋಡ್ತೇನೆ,” ಎಂದು ಒಳಗೆ ಹೋದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕಂಡಾಗ, “ಊಟ ಆಯ್ತಾ ಅಕ್ಕ?” ಎಂದು ಕೇಳಿ ನಾನು ಬೀಗರ ಕಡೆ ತಿರುಗಿದೆ. ಮಗಳ ಆಲ್ಬಮ್ಮಿನಲ್ಲಿ, ಅವಳನ್ನು ಎತ್ತಿ ಆಡಿಸಿದ ಅತ್ತೆ ಎಲ್ಲಿಯೂ ಇಲ್ಲ.

ಕೆಲವು ದಿನಗಳ ಮೇಲೆ ನಾಟಕ. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು, ಅದೇ ಬೂದಿ ರವಕೆ ತೊಟ್ಟು. ಕೆಂಪು ರವಕೆಯ ಹೆಂಗಸಿನ ಕಾಲ ಮುಗಿಯಿತೆಂದು ರಾಜಭಟರು ಅವಳಿಗೆ ಬೂದಿ ಶಾಲು ಹೊದೆಸಿದಾಗ ನನ್ನ ಕಣ್ಣು ಒದ್ದೆಯಾಯಿತು. ಅಕ್ಕ ನೋಡುತ್ತಿದ್ದದ್ದು ಆ ರವಕೆಯ ಮಾವಿನಕಾಯಿಗಳನ್ನು.

“ಸುಟ್ಟದ್ದನ್ನು ಚಂದ ಹೊಲಿದಿದ್ದಿ,” ಎಂದಳು. “ಆ ಹುಡುಗಿಗೆ ಒಪ್ತದೆ.”

ನಾಟಕ ಮುಗಿದ ಮೇಲೆ ಬಟ್ಟೆ ಹೊಲಿದವನೆಂದು ನನ್ನನ್ನು ವೇದಿಕೆಗೆ ಕರೆದು ಹಾರ ಹಾಕಿದರು. “ಹಿರಿಯರ ನೋವು ಗೊತ್ತಿದ್ದವರು,” ಎಂದು ಮಾಷ್ಟ್ರು ಹೊಗಳಿದರು. ಮೈಕು ಬಾಯಿಯ ಹತ್ತಿರವೇ ಇತ್ತು. ನಾನು ಕೈಮುಗಿದು ಇಳಿದೆ.

ಕೆಳಗೆ ಅಕ್ಕ ಚಪ್ಪಲಿ ಹುಡುಕುತ್ತಿದ್ದಳು. ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಕುರ್ಚಿ ಪೇರಿಸುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ:

“ಅಕ್ಕ, ನಿನ್ನ ಕಣ ಸುಟ್ಟದ್ದಲ್ಲ. ನಿನಗೆ ಪ್ರಾಯ ಆಯ್ತು, ಇನ್ನು ಕೆಂಪು ಬೇಡ ಅಂತ ನಾನೇ ತೀರ್ಮಾನ ಮಾಡಿದ್ದು. ನನ್ನದು ತಪ್ಪಾಯ್ತು.”