ಕಾಲಿಗೆ ಚುಚ್ಚದ ಮುಳ್ಳು

ನಾನು ಆ ಗಾಡಿಯನ್ನು ಎತ್ತಲಿಲ್ಲ. ಎರಡು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ಮೊಳದುದ್ದವೂ ಇಲ್ಲದ ಗಾಡಿ, ನೀರು ತುಂಬಿದ ತಂಬಿಗೆಯಷ್ಟು ಭಾರ. ಬಗ್ಗಿ ಎತ್ತಿ ಚಕ್ರದ ಮೇಲೆ ನಿಲ್ಲಿಸುವುದಷ್ಟೇ ನನ್ನ ಕೆಲಸವಾಗಿತ್ತು, ಅಷ್ಟನ್ನೂ ಮಾಡಲಿಲ್ಲ. ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ತಪ್ಪನ್ನು ಸುತ್ತಿ ಬಳಸಿ ಹೇಳುವಷ್ಟು ವಿದ್ಯೆ ಇಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಗಾಡಿ ನನ್ನ ತಮ್ಮನದು. ಅದನ್ನು ಯಾರಾದರೂ ಆಟದ ಸಾಮಾನು ಅಂದರೆ ಅವನ ಮೂಗು ಕೆಂಪಾಗುತ್ತಿತ್ತು. "ಆಟದ್ದಲ್ಲ, ರೇಸಿಂದು" ಅನ್ನುತ್ತಿದ್ದ. ಬೀದರಿನ ಟಿವಿ ರಿಪೇರಿ ಅಂಗಡಿಯಲ್ಲಿ ಅವನು ಕೆಲಸ ಕಲಿಯುತ್ತಿದ್ದ. ಅಲ್ಲಿ ಎಸೆದ ಚೂರುಪಾರುಗಳನ್ನೆಲ್ಲ ಕೂಡಿಸಿ, ರಿಮೋಟಿನಿಂದ ಓಡುವ ಎರಡು ಗಾಡಿ ಮಾಡಿದ್ದ. ಕೆಂಪು ಗಾಡಿ ಅವನಿಗೆ, ಹಸಿರು ನನಗೆ. ನಾನು ಭಾಲ್ಕಿಯ ಬಸ್ ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಹಾಕುವವನು. ಗಾಡಿಯ ಚಕ್ರ ನೋಡುವುದು ನನ್ನ ಪಾಲು, ಉಳಿದದ್ದೆಲ್ಲ ಅವನದು. ಚಕ್ರದಲ್ಲಿ ಗಾಳಿಯೇ ಇರಲಿಲ್ಲ, ಗಟ್ಟಿ ರಬ್ಬರು. ಅಂದರೆ ನನ್ನ ಪಾಲಿನ ಕೆಲಸ ಏನೂ ಇರಲಿಲ್ಲ.

ನಮ್ಮಂಥ ಹುಚ್ಚರು ಏಳೆಂಟು ಮಂದಿ ಸೇರಿ ಒಂದು ಕ್ಲಬ್ ಮಾಡಿಕೊಂಡಿದ್ದೆವು. ಬೀದರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರೊಬ್ಬರು, ಭಾಲ್ಕಿಯ ದರ್ಜಿಯೊಬ್ಬ, ಟ್ರ್ಯಾಕ್ಟರಿನ ಬಿಡಿ ಸಾಮಾನು ಮಾರುವ ಔರಾದಿನ ಸಾಹುಕಾರರು. ಸಾಹುಕಾರರು ದಿನಾ ಲಿಂಗಪೂಜೆ ಮುಗಿಸಿ ಬರುವವರು. ರೇಸಿಗೆ ಮುಂಚೆ ತಮ್ಮ ಗಾಡಿಯ ಮೂತಿಗೂ ಮೂರು ಬೆರಳು ವಿಭೂತಿ ಎಳೆಯುತ್ತಿದ್ದರು. ಗಾಡಿ ಮಾತ್ರ ಯಾವತ್ತೂ ಮೊದಲ ಸುತ್ತಿನಲ್ಲೇ ಕೈಲಾಸ ಸೇರುತ್ತಿತ್ತು.

ಮೊದಲು ನಮಗೆ ಓಡಿಸಲು ಜಾಗವೇ ಇರಲಿಲ್ಲ. ಎಲ್ಲಿ ಹೋದರೂ ಯಾರೋ ಎಬ್ಬಿಸಿ ಕಳಿಸುತ್ತಿದ್ದರು. ಮಳೆ ಕೈಕೊಟ್ಟ ಎರಡನೇ ವರ್ಷ ಊರ ಹೊರಗಿನ ಕೆರೆ ತಳ ಕಂಡಿತು. ಬಿರುಕುಗಳಿಗೆ ಮಣ್ಣು ತುಂಬಿ, ಹಳೆಯ ಟೈರುಗಳನ್ನು ಸಾಲಾಗಿ ಇಟ್ಟು ತಿರುವು ಮಾಡಿದೆವು. ಊರಿಗೆಲ್ಲ ಬರ ಬಂದರೆ ನಮಗೆ ಮೈದಾನ ಬಂತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ಟ್ಯಾಂಕರಿಗೆ ಕಾಯುತ್ತ ಕೆರೆಯ ಏರಿಯ ಮೇಲೆ ಕೊಡ ಇಟ್ಟುಕೊಂಡು ಕೂತ ಹೆಂಗಸರು ನಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ರೋ, ಅದಕ್ಕೊಂದ್ ಕೊಡಾ ಕಟ್ರಿ. ನೀರರೆ ತರ್ಲಿ."

"ಯಕ್ಕಾ, ಅದು ಬರೇ ಸುತ್ತು ಹೊಡೀತದ, ಎಲ್ಲೂ ಹೋಗಂಗಿಲ್ಲ" ಎಂದು ದರ್ಜಿ ಹೇಳಿದರೆ, "ನಮ್ಮನ್ಯಾಗಿನ ಗಂಡಸೂ ಹಂಗೇ ಬಿಡಪ್ಪಾ" ಎಂದು ಒಬ್ಬಾಕೆ ಅಂದು ಎಲ್ಲರನ್ನೂ ನಗಿಸಿದಳು.

ಕ್ಲಬ್ಬಿಗೆ ಒಂದು ನಿಯಮವಿತ್ತು. ಓಡಿಸುವವರು ರಿಮೋಟ್ ಹಿಡಿದು ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ನಿಲ್ಲಬೇಕು, ಕೆಳಗೆ ಇಳಿಯುವಂತಿಲ್ಲ. ಗಾಡಿ ಉಲ್ಟಾ ಬಿದ್ದರೆ ಅದನ್ನು ನೆಟ್ಟಗೆ ಮಾಡುವುದಕ್ಕೆ ಒಂದೊಂದು ತಿರುವಿಗೆ ಒಬ್ಬ ನಿಂತಿರುತ್ತಾನೆ. ಯಾರ ಸರದಿ ಈಗಷ್ಟೇ ಮುಗಿಯಿತೋ ಅವರೇ ಹೋಗಿ ನಿಲ್ಲಬೇಕು, ತಮ್ಮ ತಿರುವು ಬಿಟ್ಟು ಇನ್ನೊಬ್ಬರ ತಿರುವಿಗೆ ಹೋಗುವಂತಿಲ್ಲ. ಗಾಡಿ ಬಿದ್ದ ಕೂಡಲೇ ಟ್ರಾಲಿಯ ಮೇಲಿಂದ "ಎತ್ತು! ಎತ್ತು!" ಎಂದು ಕೂಗು ಏಳುತ್ತಿತ್ತು.

ಒಮ್ಮೆ ಹತ್ತಿರದ ಮೆಹಕರ ಊರಿನ ಮುದುಕರೊಬ್ಬರು ಆ ದಾರಿಯಲ್ಲಿ ಹೋಗುತ್ತಿದ್ದವರು ಈ ಕೂಗು ಕೇಳಿ ಏರಿಯ ಮೇಲೆ ನಿಂತುಬಿಟ್ಟರು. ಅದು ಎಲ್ಲರ ಹಟ್ಟಿಯ ಎತ್ತುಗಳೂ ಸಂತೆಗೆ ಹೋದ ವರ್ಷ.

"ಎಲ್ಲದಾವ್ರೀ ಎತ್ತು? ಯಾರವು?"

ನಾವು ಬಿದ್ದ ಗಾಡಿಯನ್ನು ತೋರಿಸಿದೆವು. ಮುದುಕರು ಇಳಿದು ಬಂದು ಬಗ್ಗಿ ನೋಡಿದರು.

"ಇದಾ ಎತ್ತು? ಮೇವರೆ ಏನ್ ಹಾಕ್ತೀರಿ?"

"ಸೆಲ್ಲು ಹಾಕ್ತೇವ್ರಿ" ಅಂದ ನನ್ನ ತಮ್ಮ.

"ಭೇಷ್ ಆತು. ಹೆಂಡಿ ಬಳ್ಯೋ ತ್ರಾಸಿಲ್ಲ" ಎಂದು ಹೇಳಿ ಹೊರಟುಹೋದರು.

ಅದೇ ಬೇಸಿಗೆಯಲ್ಲಿ ಅಪ್ಪನ ಫೋನ್ ಬಂತು. ಹಿಂದಿನ ವರ್ಷವೇ ಅವನು ಪುಣೆಗೆ ಹೋಗಿ ನಮ್ಮ ಮಾಮನ ಜತೆ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸಕ್ಕೆ ಸೇರಿದ್ದ. "ಕೆಲ್ಸ ಭಾಳ ಅದ. ಇಬ್ಬರೊಳಗ ಒಬ್ರು ಬರ್ರಿ, ಒಬ್ರು ಅವ್ವನ ಬಲ್ಲಿ ಇರ್ರಿ" ಅಂದ.

ಯಾರು ಹೋಗಬೇಕು ಎಂಬುದು ಕೇಳುವ ಮಾತೇ ಆಗಿರಲಿಲ್ಲ. ದೊಡ್ಡವನು ನಾನು. ಪಂಕ್ಚರ್ ಹಾಕುವ ಕೆಲಸ ಎಲ್ಲಿಯಾದರೂ ಸಿಗುತ್ತದೆ. ತಮ್ಮನಿಗೆ ಇನ್ನೊಂದು ವರ್ಷ ಕಲಿತರೆ ಭಾಲ್ಕಿಯಲ್ಲಿ ಸ್ವಂತ ರಿಪೇರಿ ಅಂಗಡಿ ಹಾಕುವ ಆಸೆ. ಅಂಗಡಿಯ ಬೋರ್ಡು ಹೇಗಿರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದು ಬಣ್ಣವನ್ನೂ ತುಂಬಿ ಇಟ್ಟಿದ್ದ. ಆದರೆ ನನಗೆ ಪುಣೆಯೆಂದರೆ ಪುಕ್ಕಲು. ಒಮ್ಮೆ ಔರಾದಿಗೆ ಹೋಗಬೇಕಾದವನು ಮರಾಠಿ ಬೋರ್ಡಿನ ಬಸ್ಸು ಹತ್ತಿ ಉದಗೀರದಲ್ಲಿ ಇಳಿದಿದ್ದೆ. ಅಲ್ಲಿಂದ ವಾಪಸು ಬರುವುದರೊಳಗೆ ಅವ್ವ ಊರೆಲ್ಲ ಹುಡುಕಿಸಿದ್ದಳು. ಉದಗೀರದಲ್ಲೇ ಹೀಗಾದವನು ಪುಣೆಯಲ್ಲಿ ಏನಾಗುತ್ತೇನೋ ಎಂಬ ಅಂಜಿಕೆ. ಅದನ್ನು ಬಾಯಿಬಿಟ್ಟು ಹೇಳಲು ಮೀಸೆ ಅಡ್ಡ ಬಂತು.

"ರೇಸ್ ಹಚ್ಚೋಣ. ಐತವಾರ ಯಾರು ಹೆಚ್ಚು ಸುತ್ತು ಹೊಡೀತಾರ, ಅವ್ರು ಇಲ್ಲೇ ಇರೋದು" ಅಂದೆ ನಾನು.

ಅವನು ನನ್ನ ಮುಖವನ್ನೇ ನೋಡಿದ. "ಅವ್ವಗ ಹೇಳಬ್ಯಾಡ ಮತ್ತ. ಇಬ್ಬರಿಗೂ ಕಸಬರಿಗಿ ತಗೋತಾಳ" ಅಂದು ನಕ್ಕು ಒಪ್ಪಿಕೊಂಡ. ಅಷ್ಟೇ ಅಲ್ಲ, ಅಂಗಡಿಯವರು ಕೊಟ್ಟ ಒಂದೇ ಒಂದು ಹೊಸ ಮೋಟಾರನ್ನು ಶನಿವಾರ ಕೂತು ನನ್ನ ಗಾಡಿಗೇ ಹಾಕಿದ. "ನಿಂದು ಮುದಿ ಎಮ್ಮಿ ಹಂಗ ನಡೀತದ. ಮುದಿ ಎಮ್ಮಿ ಮ್ಯಾಲ ಗೆದ್ರ ಅದೇನ್ ಗೆಲುವು?" ಅಂದ.

ಐತವಾರ ಮೊದಲ ಸರದಿ ನನ್ನದು. ಐದು ನಿಮಿಷದಲ್ಲಿ ಹದಿನಾಲ್ಕು ಸುತ್ತು ಹೊಡೆದೆ. ನನ್ನ ಜನ್ಮದಲ್ಲೇ ಅಷ್ಟು ಹೊಡೆದವನಲ್ಲ. ಎರಡನೇ ಸರದಿ ತಮ್ಮನದು. ನಿಯಮದಂತೆ ನಾನು ಹೋಗಿ ಮೂರನೇ ತಿರುವಿನಲ್ಲಿ ನಿಂತೆ. ನಮ್ಮ ಪಂದ್ಯದ ಸುದ್ದಿ ಕ್ಲಬ್ಬಿನವರಿಗೆ ಗೊತ್ತಿದ್ದರೆ ನನ್ನನ್ನು ಅಲ್ಲಿ ನಿಲ್ಲಿಸುತ್ತಿರಲಿಲ್ಲ.

ಅವನು ಹಳೆಯ ಮೋಟಾರಿನಲ್ಲಿ, ನಾಲ್ಕು ನಿಮಿಷ ತುಂಬುವುದರೊಳಗೆ, ಹದಿಮೂರು ಸುತ್ತು ಮುಗಿಸಿದ. ಇನ್ನು ಎರಡು ಸುತ್ತು ಹೊಡೆದರೆ ನಾನು ಪುಣೆಗೆ. ಹದಿನಾಲ್ಕನೇ ಸುತ್ತಿನಲ್ಲಿ ಅವನ ಗಾಡಿ ನನ್ನ ತಿರುವಿಗೆ ಬಂತು, ಟೈರಿಗೆ ತಾಗಿತು, ಪಲ್ಟಿ ಹೊಡೆಯಿತು. ಅಂಗಾತ ಬಿದ್ದ ಜಿರಳೆಯ ಕಾಲಿನಂತೆ ನಾಲ್ಕೂ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗತೊಡಗಿದವು.

"ಎತ್ತು!" ಎಂದು ತಮ್ಮ ಕೂಗಿದ.

ನಾನು ಒಂದು ಹೆಜ್ಜೆ ಇಟ್ಟೆ. ಆಮೇಲೆ "ಅಯ್ಯೋ!" ಅಂದು ಕೂತುಬಿಟ್ಟೆ. ಎಡಗಾಲಿನ ಚಪ್ಪಲಿ ಬಿಚ್ಚಿ, ಪಾದ ತೊಡೆಯ ಮೇಲೆ ಇಟ್ಟುಕೊಂಡು ಜಾಲಿಮುಳ್ಳು ಹುಡುಕಿದೆ. ಮುಳ್ಳು ಇರಲಿಲ್ಲ. ಇಲ್ಲದ ಮುಳ್ಳನ್ನು ಅಷ್ಟು ನಿಗಾದಿಂದ ಹುಡುಕಿದವನು ಜಿಲ್ಲೆಯಲ್ಲೇ ಇನ್ನೊಬ್ಬ ಇರಲಿಕ್ಕಿಲ್ಲ. ಎಲ್ಲರೂ "ಎತ್ತು, ಎತ್ತು" ಅನ್ನುತ್ತಲೇ ಇದ್ದರು. ನಾನು ತಲೆ ಎತ್ತಲಿಲ್ಲ. ಕಡೆಗೆ ಕುಂಟುತ್ತ ಹೋಗಿ ಗಾಡಿ ನಿಲ್ಲಿಸಿದಾಗ ಅದು ಅರ್ಧ ಸುತ್ತು ಓಡಿತು, ಅಷ್ಟರಲ್ಲಿ ಝೆರಾಕ್ಸ್ ಅಂಗಡಿಯವರು ಸೀಟಿ ಊದಿದರು. ಅವನು ಹದಿಮೂರು, ನಾನು ಹದಿನಾಲ್ಕು.

ತಮ್ಮ ಟ್ರಾಲಿಯಿಂದ ಇಳಿದು ಸೀದಾ ನನ್ನ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಭಾಳ ಒಳಗ ಹೋಗ್ಯದೇನು?" ಎಂದು ಕೇಳಿದ.

ಸುಳ್ಳು ಮನೆಗೂ ಬಂತು. ಅವ್ವ ನನ್ನನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ ಪಿನ್ನು ಹಿಡಿದು ಪಾದ ಕೆದಕಿದಳು.

"ಎಲ್ಲದೋ ಮುಳ್ಳು?"

"ಅಲ್ಲೇ ಅದಬೇ... ಇನ್ನಾ ಸ್ವಲ್ಪ ಬಾಜೂಕ."

"ಹಾಳಾದ್ದು, ಕಾಣವಲ್ದು" ಎಂದು ಇನ್ನಷ್ಟು ಕೆದಕಿದಳು. ಮುಳ್ಳು ಇಲ್ಲದ ಕಾಲಿಗೆ ಅವ್ವನ ಕೈಯಲ್ಲಿ ನಿಜವಾದ ಗಾಯವೇ ಆಯಿತು. ಅದರ ಮೇಲೆ ಬೆಲ್ಲ ಸುಣ್ಣ ಕಾಯಿಸಿ ಹಚ್ಚಿದಳು. ನಾನು ಚೀರಿದ್ದು ಮಾತ್ರ ಸುಳ್ಳಲ್ಲ.

ಮರುದಿನ ತಮ್ಮ ಚೀಲ ಕಟ್ಟಿದ. "ನಾನೇ ಹೋಗ್ತೇನಿ, ಅಣ್ಣನ ಕಾಲು ನೆಟ್ಟಗಿಲ್ಲ" ಎಂದು ಅವ್ವನಿಗೆ ಹೇಳಿದ. ಪಂದ್ಯದ ಮಾತನ್ನೇ ಎತ್ತಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಾನು ಕುಂಟುತ್ತ ಹೋದೆ. ಅವನೇ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ನಡೆದ. ಬಸ್ಸು ಬಂದಾಗ ಬೋರ್ಡನ್ನು ನನಗೆ ಓದಿ ಹೇಳಿದ: "ಇದು ಪುಣೆ. ಉದಗೀರ ಅಲ್ಲ ನೋಡು."

ಆ ವರ್ಷದ ಕೊನೆಗೆ ಮಳೆ ಬಂತು. ಕೆರೆಗೆ ನೀರು ಬಂದು ನಮ್ಮ ಟೈರುಗಳು ಮುಳುಗಿದವು. ಕ್ಲಬ್ಬೂ ಮುಳುಗಿತು. ತಮ್ಮ ಮಾತ್ರ ಐದು ವರ್ಷ ಬರಲಿಲ್ಲ. ಬಂದಾಗ ಟಿವಿ ರಿಪೇರಿ ಮಾಡಿಸುವವರೇ ಇರಲಿಲ್ಲ. ಅಷ್ಟೂ ವರ್ಷ ಅವನು ಫೋನ್ ಮಾಡಿದಾಗಲೆಲ್ಲ ಮೊದಲ ಮಾತು ಒಂದೇ: "ಏನಣ್ಣಾ, ಮುಳ್ಳು ಹೊರಗ ಬಂತೇನು?" ನಾನು "ಹೂಂ, ಬಂತಪಾ" ಅನ್ನುತ್ತಿದ್ದೆ. ಮುಂದಿನ ಸಲ ಮತ್ತೆ ಕೇಳುತ್ತಿದ್ದ. ಟ್ರಾಲಿಯ ಮೇಲೆ ನಿಂತವನಿಗೆ ಎಷ್ಟು ಕಂಡಿತ್ತೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಈಗ ಅವನು ಬೀದರಿನಲ್ಲಿ ಫರಸಿ, ಟೈಲ್ಸು ಹಾಸುವ ಮಿಸ್ತ್ರಿ. ಒಳ್ಳೆಯ ಹೆಸರಿದೆ. ಕೆಲಸ ಮುಗಿದ ಮೇಲೆ ಆ ಹಳೆಯ ಕೆಂಪು ಗಾಡಿಯನ್ನು ಹೊಸ ನೆಲದ ಮೇಲೆ ಓಡಿಸುತ್ತಾನೆ. ಕೆಳಗೆ ಸಿಮೆಂಟು ಸರಿಯಾಗಿ ತುಂಬದ ಕಡೆ ಚಕ್ರದ ಸಪ್ಪಳ ಬೇರೆ ಆಗುತ್ತದಂತೆ. ಹೋದ ತಿಂಗಳು ಒಂದು ಹೊಸ ಮನೆಯ ಕೆಲಸ ನೋಡಲು ನನ್ನನ್ನು ಕರೆದ. ನಡುಮನೆಯ ಆ ಕಡೆ ಅವನು, ಹೊಸ್ತಿಲ ಹತ್ತಿರ ನಾನು. ಗಾಡಿ ರೊಯ್ಯನೆ ಬಂದು ಹೊಸ್ತಿಲಿಗೆ ತಾಗಿ ನನ್ನ ಕಾಲ ಬುಡದಲ್ಲೇ ಉಲ್ಟಾ ಬಿತ್ತು. ಚಕ್ರಗಳು ಅದೇ ಹಿಂದಿನಂತೆ ಗಿರಗಿರ ತಿರುಗಿದವು.

"ಎತ್ತು!" ಅಂದ ಅವನು. ಆಮೇಲೆ ನಗುತ್ತ, "ನೋಡ್ಕೊಂಡು. ಇಲ್ಲೂ ಮುಳ್ಳು ಇದ್ದಾವು" ಅಂದ.

ಹೊಳೆಯುವ ಟೈಲ್ಸಿನ ಮೇಲೆ ಧೂಳಿನ ಕಣವೂ ಇರಲಿಲ್ಲ. ನಾನು ಬಗ್ಗಿ ಗಾಡಿಯನ್ನು ಎರಡೂ ಕೈಯಿಂದ ಎತ್ತಿದೆ. ಬಗ್ಗಿದ ತಲೆಯಲ್ಲೇ ಏನೋ ಅಂದೆ.

"ಏನಂದಿ? ಗಾಡಿ ಸಪ್ಪಳದಾಗ ಕೇಳಿಸಲಿಲ್ಲ, ಜೋರ್ಲೆ ಹೇಳು."

ಗಾಡಿಯ ಹೊಟ್ಟೆಯ ಕೆಳಗಿನ ಬಟನ್ ಒತ್ತಿದೆ. ಚಕ್ರಗಳು ನಿಂತವು. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

"ಅವತ್ತು ನನ್ನ ಕಾಲಾಗ ಮುಳ್ಳು ಇರಲಿಲ್ಲ. ಬೇಕಂತಲೇ ಎತ್ತಲಿಲ್ಲ. ತಪ್ಪಾತು ತಮ್ಮಾ."