ಫೋನ್ ಕ್ಯಾರಂಗೆ ಪೌಡರ್

ಮಿತ್ರರೇ, ಗಂಗಾನಗರದ ನಮ್ಮ ಮನೆಯಲ್ಲಿ ಇಂದು ಐತಿಹಾಸಿಕ ಪಂದ್ಯ! ನನ್ನ ಫೋನಿನಲ್ಲಿ ದೊಡ್ಡಪ್ಪನಿಗೂ ಅಕ್ಕನಿಗೂ ಕ್ಯಾರಂ. ಸೋತವರು ನೀರಿನ ಕ್ಯಾನನ್ನು ಮೂರನೇ ಮಹಡಿಗೆ ಹೊರಬೇಕು. ಘನತೆವೆತ್ತ ತೀರ್ಪುಗಾರ ನಾನು.

ಇಬ್ಬರಿಗೂ ಒಂದೊಂದೇ ಕಾಯಿನ್ ಉಳಿದಿತ್ತು. "ಸ್ಟ್ರೈಕರ್ ಜಾರ್ತಾನೇ ಇಲ್ಲ ಕಣೋ" ಎಂದು ದೊಡ್ಡಪ್ಪ ಗೊಣಗಿದರು.

"ಪೌಡರ್ ಹಾಕ್ದೆ ಯಾರಾದ್ರೂ ಕ್ಯಾರಂ ಆಡ್ತಾರಾ ದೊಡ್ಡಪ್ಪ?" ಎಂದೆ ಗಂಭೀರವಾಗಿ. ತಮಾಷೆಗೆ! ಅವರು ಮಲ್ಲಿಗೆ ಘಮದ ಟಾಲ್ಕಂ ಡಬ್ಬಿ ತಂದು ಸ್ಕ್ರೀನಿನ ಮೇಲೆ ಧಾರಾಳವಾಗಿ ಉದುರಿಸಿಯೇಬಿಟ್ಟರು. ಬೆರಳು ಸರ್ರನೆ ಜಾರಿತು, ಕಾಯಿನ್ ಪಾಕೆಟ್‌ಗೆ ಬಿತ್ತು!

"ಮೋಸ! ಇದು ನಡೆಯಲ್ಲ!" ಅಕ್ಕ ಕಿರುಚಿದಳು.

"ಅಂಪೈರೇ ಹೇಳಿದ್ದು ಕಣಮ್ಮ."

ಇಬ್ಬರೂ ನನ್ನತ್ತ ತಿರುಗಿದರು. "ಹಂಗಾದ್ರೆ ನೀನೇ ಹೊರು!"

ಕ್ಯಾನ್ ಮೇಲೆ ತಲುಪಿದೆ ಮಿತ್ರರೇ. ನ್ಯಾಯಾಂಗದ ಭುಜ ನೋಯುತ್ತಿದೆ. ಫೋನಿನ ಸ್ಪೀಕರ್‌ನಿಂದ ಸದ್ಯಕ್ಕೆ ಮಲ್ಲಿಗೆಯ ಘಮ ಮಾತ್ರ ಬರುತ್ತಿದೆ.