ಕನ್ಯಾ ನೋಡಲು ಬಂದ ದಿನ ಆಡಿದ ಸಮುದ್ರ ಮಥನ

ಆಗ ನಾನು ಚಿಕ್ಕೋಡಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ನಿಪ್ಪಾಣಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಮ್ಮೆ ಕೊಲ್ಲಾಪುರಕ್ಕೆ ಹೋದಾಗ ಪುಸ್ತಕದ ಅಂಗಡಿಯ ಮೂಲೆಯಲ್ಲಿ ಹೊಸ ಆಟಗಳ ಡಬ್ಬಿಗಳನ್ನು ಜೋಡಿಸಿದ್ದು ಕಂಡಿತು. ಒಂದರ ಮೇಲೆ ಸಮುದ್ರ ಮಥನದ ಚಿತ್ರವಿತ್ತು. ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಉಪಯೋಗವಾದೀತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡು ಕೊಂಡು ತಂದೆ.

ಮನೆಗೆ ಬಂದು ತೆರೆದು ನೋಡಿದರೆ ಅದು ಇಬ್ಬರೇ ಆಡುವ ಆಟ. ಹಲಗೆಯ ನಡುವೆ ಸಮುದ್ರ, ಅದರ ನಡುವೆ ಕಟ್ಟಿಗೆಯ ಪುಟ್ಟ ಗುಡ್ಡ, ಗುಡ್ಡಕ್ಕೆ ಸುತ್ತಿದ ಹಸಿರು ದಾರದ ಹಾವು. ಒಬ್ಬರು ದೇವತೆಗಳ ಕಡೆ, ಇನ್ನೊಬ್ಬರು ಅಸುರರ ಕಡೆ. ಇಬ್ಬರೂ ಒಂದೊಂದು ಕಾರ್ಡನ್ನು ಬೋರಲಾಗಿಟ್ಟು ಒಟ್ಟಿಗೇ ತಿರುವಬೇಕು. ಯಾರದು ದೊಡ್ಡದೋ ಅವರ ಕಡೆಗೆ ಹಾವನ್ನು ಎಳೆದಂತೆ. ಸಮುದ್ರದಿಂದ ಮೇಲೆ ಬಂದದ್ದು ಅವರಿಗೆ. ಕುದುರೆ ಬರಬಹುದು, ಆನೆ ಬರಬಹುದು, ಬೇಡಿದ್ದು ಕೊಡುವ ಆಕಳು ಬರಬಹುದು. ನಡುವೆಲ್ಲೋ ವಿಷವೂ ಬರುತ್ತದೆ. ಅದನ್ನು ಎಳೆದವರು ಕುಡಿದು ಕೈಯಲ್ಲಿನ ಕಾರ್ಡುಗಳಲ್ಲಿ ಅರ್ಧ ಬಿಟ್ಟುಕೊಡಬೇಕು. ಇಲ್ಲವಾದರೆ ಗಳಿಸಿದ್ದರಲ್ಲಿ ಏನಾದರೂ ಕೊಟ್ಟು ಎದುರಿನವರು ಕುಡಿಯುವಂತೆ ಒಪ್ಪಿಸಬೇಕು. ಕೊನೆಗೆ ಅಮೃತದ ಕೊಡ ಸಿಕ್ಕವರು ಗೆದ್ದಂತೆ.

ಆದರೆ ನನ್ನ ಜೊತೆ ಆಡುವವರು ಯಾರು? ಅವ್ವನಿಗೆ ಪುರಸೊತ್ತಿರಲಿಲ್ಲ. ಅಪ್ಪ ಒಮ್ಮೆ ಕೂತರು, ಆದರೆ ಮಗಳು ಗೆಲ್ಲಲಿ ಎಂದು ಒಳ್ಳೆಯ ಕಾರ್ಡುಗಳನ್ನೆಲ್ಲ ಕೈಯಲ್ಲೇ ಇಟ್ಟುಕೊಂಡರು. ಶಾಲೆಯ ಸಹೋದ್ಯೋಗಿಗಳೂ ಅಷ್ಟೇ, ಅರ್ಧ ಆಟಕ್ಕೆ ನೀವೇ ಗೆದ್ದಿರಿ ಬಿಡಿ ಎಂದು ಎದ್ದುಬಿಡುತ್ತಿದ್ದರು. ನನಗೆ ಹಾಗೆ ಗೆದ್ದರೆ ಮೈಯೆಲ್ಲ ಉರಿಯುತ್ತಿತ್ತು. ಡಬ್ಬಿ ಕಪಾಟಿನ ಮೇಲೆ ಸೇರಿತು.

ಅಂಥದರಲ್ಲಿ ಅಥಣಿ ಕಡೆಯ ಒಂದು ಸಂಬಂಧ ಬಂತು. ದ್ರಾಕ್ಷಿ ತೋಟದ ಮನೆತನ. ಹುಡುಗ ಕೃಷಿ ಓದಿ ಸ್ವಂತ ತೋಟ ನೋಡಿಕೊಂಡಿದ್ದ. ಒಂದು ಭಾನುವಾರ ಅವನೂ ಅವನ ತಾಯಿಯೂ ಸೋದರಮಾವನೂ ನನ್ನನ್ನು ನೋಡಲು ಬಂದರು. ಅದಕ್ಕೂ ಮುಂಚೆ ಬಂದು ಹೋದವರಿಂದ ನನಗೆ ಈ ಕಲಾಪವೆಲ್ಲ ಬಾಯಿಪಾಠವಾಗಿತ್ತು. ಉಪ್ಪಿಟ್ಟು ಕೊಡುವುದು, ಕೂಡುವುದು, ಓದಿದ್ದೇನು ಎಂದರೆ ಹೇಳುವುದು. ಆಮೇಲೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ, ಹುಡುಗ ಹುಡುಗಿ ಒಳಗೆ ಕೂತು ನಾಲ್ಕು ಮಾತಾಡಲಿ ಎನ್ನುವುದು.

ಒಳಕೋಣೆಯಲ್ಲಿ ನಾವಿಬ್ಬರೂ ಕೂತೆವು. ಅವನು ನಿಪ್ಪಾಣಿಯಲ್ಲಿ ಗಾಳಿ ಚಲೋ ಇದೆ ಎಂದ. ನಾನು ಹೌದು ಎಂದೆ. ಅವನ ಕಣ್ಣು ಕಪಾಟಿನ ಮೇಲಿನ ಡಬ್ಬಿಗೆ ಹೋಯಿತು. ಅದೇನು ಎಂದು ಕೇಳಿದ. ನಾನು ಆಟ ಎಂದೆ. ಹೇಗೆ ಆಡುವುದು ಎಂದ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ ಎನಿಸಿ ಇಳಿಸಿ ಹರವಿದೆ. ಅವನು ಅಸುರರ ಕಡೆ ಕೂತ.

ಮೊದಲ ಕೆಲವು ಸುತ್ತು ಅವನು ಸುಮ್ಮನೆ ನೋಡುತ್ತಿದ್ದ. ಆಮೇಲೆ ಅಂಗಿಯ ತೋಳು ಮೇಲೇರಿಸಿದ. ಕುದುರೆ ಅವನಿಗೆ ಹೋಯಿತು, ಆನೆಯೂ ಹೋಯಿತು. ಆಕಳು ನನಗೆ ಬಂತು. ಹಿಂದಿನ ಸುತ್ತಿನಲ್ಲಿ ನಾನು ಯಾವ ಕಾರ್ಡು ಹಾಕಿದ್ದೆ ಎಂಬುದನ್ನು ಅವನು ನೆನಪಿಟ್ಟುಕೊಳ್ಳುತ್ತಿದ್ದಾನೆ ಎಂದು ಗೊತ್ತಾದಾಗ ನನಗೆ ಒಳಗೊಳಗೇ ಖುಷಿಯಾಯಿತು. ನಾನೂ ಸೆರಗು ಸಿಕ್ಕಿಸಿ ಸರಿಯಾಗಿ ಕೂತೆ.

ಮುಂದಿನ ಸುತ್ತಿನಲ್ಲಿ ನಾನು ಜೋರಾಗಿ ಎಳೆದೆ. ಬಂದದ್ದು ವಿಷ. ಕುಡಿದರೆ ನನ್ನ ಕೈ ಅರ್ಧ ಬರಿದಾಗುತ್ತಿತ್ತು. ಆಕಳನ್ನು ಮುಂದೆ ಸರಿಸಿ, ಇದನ್ನು ತಗೊಂಡು ನನ್ನ ಬದಲು ನೀವು ಕುಡಿಯಿರಿ ಎಂದು ಕೇಳಿದೆ. ಅವನು ಆಕಳ ಚಿತ್ರವನ್ನು ಎತ್ತಿ ನೋಡಿದ, ನನ್ನ ಮುಖ ನೋಡಿದ, ಚಿತ್ರವನ್ನು ವಾಪಸ್ಸು ಸರಿಸಿದ.

“ಆಕಳಾ ನಮ್ಮ ಮನ್ಯಾಗ ಅದಾವ್ರಿ,” ಎಂದ. “ವಿಷ ನೀವ ಕುಡೀರಿ.”

ಸರಿಯಾಗಿ ಅದೇ ಹೊತ್ತಿಗೆ ಅವ್ವ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಕಪ್ಪುಗಳು ಗಲಗಲ ಸದ್ದು ಮಾಡಿದವು. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಚಹಾ ಸಮೇತ ಪಡಸಾಲೆಗೆ ಮರಳಿದ್ದಳು. ಅಲ್ಲಿ ಅಪ್ಪನಿಗೆ ಅವಳು ಹೇಳಿದ್ದು ನಮಗೂ ಸ್ಪಷ್ಟವಾಗಿ ಕೇಳಿಸಿತು.

“ಹುಡುಗ ನಮ್ಮ ಹುಡುಗಿಗೆ ವಿಷಾ ಕುಡಿ ಅನ್ನಾಕತ್ತಾನ್ರಿ.”

ಪಡಸಾಲೆಯಲ್ಲಿ ಕುರ್ಚಿಗಳು ಸರಿದ ಸದ್ದು. ಮೊದಲು ಒಳಗೆ ಬಂದವನು ಹುಡುಗನ ಸೋದರಮಾವ. ಕಾಗವಾಡದ ಅವನ ಮನೆಯಲ್ಲಿ ಮರಾಠಿಯೇ ಹೆಚ್ಚು, ಗಾಬರಿಯಾದಾಗಂತೂ ಬೇರೆ ಭಾಷೆ ಬರುವುದಿಲ್ಲ. “ಕಾಯ್ ಝಾಲಂ?” ಎಂದ. ಏನಾಯಿತು ಎಂಬಂತೆ ಇಬ್ಬರನ್ನೂ ನೋಡಿದ. ಅವನ ಹಿಂದೆ ಅಪ್ಪ, ಅಪ್ಪನ ಹಿಂದೆ ಅವ್ವ, ಕೊನೆಗೆ ಹುಡುಗನ ತಾಯಿ. ನಾವಿಬ್ಬರೂ ನೆಲದ ಮೇಲೆ ಹಲಗೆಯ ಆಚೆ ಈಚೆ ಕೂತು, ಕೈಯಲ್ಲಿ ಕಾರ್ಡು ಹಿಡಿದುಕೊಂಡು ಅವರನ್ನು ನೋಡುತ್ತಿದ್ದೆವು. ಅವನ ಕಿವಿ ಕೆಂಪಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ನೀಲಿ ಬಣ್ಣದ ವಿಷದ ಚಿತ್ರವನ್ನು ಎತ್ತಿ ತೋರಿಸಿದೆ.

ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮೊದಲು ನಕ್ಕವನು ಸೋದರಮಾವ. ಅವ್ವ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಬಿಸಿ ಮಾಡಲು ಹೋದಳು. ಉಳಿದವರು ಹೋಗಲಿಲ್ಲ. ಹುಡುಗನ ತಾಯಿ ನನ್ನ ಪಕ್ಕದಲ್ಲೇ ಕೂತು ಹಲಗೆಯನ್ನು ಬಗ್ಗಿ ನೋಡಿದರು.

“ಪುರಾಣದಾಗ ಎಳದವ್ರು ಎಲ್ಲಾರೂ. ಅಮೃತ ಮಾತ್ರ ಒಂದ ಕಡಿಗೆ ಹೋತು,” ಎಂದರು. “ಇದರಾಗರ ಅಸುರರಿಗೂ ಪಾಲು ಐತೇನು?”

ಇದರಲ್ಲಿ ಯಾರು ಬೇಕಾದರೂ ಗೆಲ್ಲಬಹುದು ಎಂದೆ. ಅದು ಅವರಿಗೆ ನ್ಯಾಯವೆನಿಸಿತು. ಹಾಗೆಂದು ಮಗನ ಪಕ್ಷ ವಹಿಸಲಿಲ್ಲ. ವಿಷ ಕುಡಿದು ನನ್ನ ಬಳಿ ಕಾರ್ಡು ಕಡಿಮೆಯಾಗಿದ್ದವು. ಸಣ್ಣದನ್ನು ಮೊದಲು ಹಾಕು, ದೊಡ್ಡದನ್ನು ಹಿಡಿದುಕೊ ಎಂದು ನನಗೇ ಹೇಳಿಕೊಡತೊಡಗಿದರು. ಅತ್ತ ಅಪ್ಪ ಹುಡುಗನ ಹಿಂದೆ ನಿಂತು ಅವನಿಗೆ ಉಪಾಯ ಹೇಳುತ್ತಿದ್ದರು. ನನ್ನ ಜೊತೆ ಆಡುವಾಗ ಒಳ್ಳೆಯ ಕಾರ್ಡು ಬಚ್ಚಿಟ್ಟ ಅದೇ ಅಪ್ಪ. ಚಹಾ ಎರಡನೆಯ ಸಲವೂ ಆರಿತು.

ಕೊನೆಯ ಸುತ್ತಿನಲ್ಲಿ ಅಮೃತ ಅವನಿಗೇ ಹೋಯಿತು. ನನ್ನ ಕಾರ್ಡಿಗಿಂತ ಅವನದು ಒಂದೇ ಒಂದು ಹೆಚ್ಚು. ಅವನು ಬಿಟ್ಟುಕೊಡಲೂ ಇಲ್ಲ, ಗೆದ್ದದ್ದಕ್ಕೆ ತಪ್ಪಾಯಿತು ಎನ್ನಲೂ ಇಲ್ಲ. ಕೊಡವನ್ನು ತನ್ನ ಕಡೆ ಇಟ್ಟುಕೊಂಡು, ಚಲೋ ಆಡಿದಿರಿ ಎಂದಷ್ಟೇ ಹೇಳಿದ. ಸೋತು ಅಷ್ಟು ಸಂತೋಷಪಟ್ಟದ್ದು ನನಗೆ ಬೇರೆ ನೆನಪಿಲ್ಲ.

ಅವರು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು. ಹುಡುಗ ಹೇಗೆ ಅನಿಸಿದ ಎಂದು ಕೇಳಿದಳು. ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ.

“ಇನ್ನೊಮ್ಮೆ ಆಡಬೇಕವ್ವಾ,” ಎಂದೆ.

ಅವಳು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ನೋಡಿದಳು. ಅಪ್ಪ ಆಗಲೇ ಫೋನು ಕೈಗೆತ್ತಿಕೊಂಡಿದ್ದರು.

ನಮ್ಮ ಹಿರಿಯರು ಹುಡುಗನ ಮನೆ ನೋಡಲು ಅಥಣಿ ಕಡೆ ಹೊರಟಾಗ ನಾನೂ ಬರುತ್ತೇನೆ ಎಂದೆ. ಹುಡುಗಿ ಮೊದಲೇ ಹೋಗುವ ಪದ್ಧತಿ ಇಲ್ಲ ಎಂದು ಸ್ವಲ್ಪ ಚರ್ಚೆಯಾಯಿತು. ಹುಡುಗನ ತಾಯಿಯೇ ಫೋನಿನಲ್ಲಿ ಕರೆದುಕೊಂಡು ಬನ್ನಿ ಎಂದುಬಿಟ್ಟರು. ಹಿರಿಯರು ತೋಟ ನೋಡಲು ಹೋದಾಗ ನಾವು ಒಣದ್ರಾಕ್ಷಿಯ ಶೆಡ್ಡಿನ ನೆರಳಲ್ಲಿ ಚಾಪೆ ಹಾಸಿಕೊಂಡು ಆಡಿದೆವು. ಆ ಸಲ ನಾನು ಗೆದ್ದೆ. ಅವನಿಗೆ ನಿಜವಾಗಿಯೂ ಸಿಟ್ಟು ಬಂತು, ಊಟದ ತನಕ ಮಾತು ಕಡಿಮೆಯಾಗಿತ್ತು. ಊಟಕ್ಕೆ ಕೂತಾಗ ಮಾತ್ರ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಲು ಅವನೇ ಎದ್ದು ಬಂದ.

ಮದುವೆಯಾಗಿ ಈಗ ಕೆಲವು ವರ್ಷವಾಯಿತು. ನನಗೆ ಅಥಣಿ ತಾಲ್ಲೂಕಿಗೆ ವರ್ಗವಾಗಿದೆ. ಮನೆಯಲ್ಲಿ ಇಂಥ ಆಟದ ಡಬ್ಬಿಗಳು ಈಗ ಸಾಲಾಗಿವೆ. ಹೊಸದಾಗಿ ಬಂದದ್ದು ಗಂಗೆ ಇಳಿಯುವ ಆಟ. ಒಬ್ಬರು ಆಕಾಶದಿಂದ ಧುಮುಕುವ ನದಿ, ಇನ್ನೊಬ್ಬರು ಅದನ್ನು ಹಿಡಿದು ಕಟ್ಟುವ ಜಟೆ. ಹೋದ ಭಾನುವಾರ ಅತ್ತೆ ನದಿಯಾದರು, ಅವರ ಮಗ ಜಟೆ ಹಿಡಿದ. ಒಂದು ಎಳೆಯೂ ಬಿಗಿಯಾಗಲು ಬಿಡದೆ ಅತ್ತೆ ಹಲಗೆಯ ಈ ತುದಿಯಿಂದ ಆ ತುದಿಗೆ ಹರಿದುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ನನ್ನತ್ತ ತಿರುಗಿ, “ಬಾ, ಈಗ ನೀ ಕುಂಡರು,” ಎಂದರು.